ನೀರು, ನೀಳ್ಳು, ಪಾಣಿ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು, ಚಳ್ಳಕೆರೆ ಕಡೆಯ ಸರ್ಕಾರಿ ಶಾಲೆಗಳಲ್ಲಿ ಕಲಿಕೆ ಹಿಂದೆ ಬಿದ್ದಿದೆ, ಅದಕ್ಕೆ ಮೇಷ್ಟ್ರುಗಳೇ ಕಾರಣ ಅಂತ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ಆ ಕಡೆ ಹನ್ನೊಂದು ವರ್ಷ ಪಾಠ ಮಾಡಿದವನು ನಾನು.

ಒಂದನೇ ಕ್ಲಾಸಿಗೆ ಬರುವ ಮಕ್ಕಳನ್ನು ಒಮ್ಮೆ ನೋಡಿ. ಆಂಧ್ರದ ಗಡಿ, ಹಾಗಾಗಿ ಎಷ್ಟೋ ಮನೆಗಳಲ್ಲಿ ತೆಲುಗು. ತಾಂಡಾದವರದು ಲಂಬಾಣಿ. ಉರ್ದು ಮಾತಾಡುವವರೂ ಇದ್ದಾರೆ. ಗೊಲ್ಲರಹಟ್ಟಿ ಮಕ್ಕಳ ಕನ್ನಡದ ಧಾಟಿಯೇ ಬೇರೆ. ನೀರಿನ ಚಿತ್ರ ತೋರಿಸಿದರೆ ಒಬ್ಬಳು 'ನೀಳ್ಳು' ಅಂದಳು, ಪಕ್ಕದವನು 'ಪಾಣಿ' ಅಂದ. ಇಬ್ಬರಿಗೂ ಗೊತ್ತಿದೆ, ಅಲ್ವಾ? ಪರೀಕ್ಷೆಯಲ್ಲಿ ಮಾತ್ರ ಇಬ್ಬರದೂ ತಪ್ಪು! ಆಡುತ್ತಾ ಕಲಿಯುವ ಸರ್ಕಾರಿ ಶಾಲೆಗಳ ಪದ್ಧತಿ ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿ ಒಟ್ಟಿಗೇ ಕೂರುವುದು ಇಲ್ಲಿ ಉಪಯೋಗಕ್ಕೆ ಬಂತು. ಮೂರನೇ ಕ್ಲಾಸಿನ ತಾಂಡಾ ಹುಡುಗಿಯೇ ನನಗೆ ದುಭಾಷಿ.

ಇನ್ನು ರಿಸಲ್ಟ್ ವಿಷಯ. 2023ರ ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರದುರ್ಗ ಇಡೀ ರಾಜ್ಯಕ್ಕೇ ಫಸ್ಟ್. ಮುಂದಿನ ವರ್ಷ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ಕಣ್ಗಾವಲು ಬಂತು, ನಾವು 21ನೇ ಸ್ಥಾನಕ್ಕೆ ಇಳಿದೆವು. ಒಂದೇ ವರ್ಷದಲ್ಲಿ ಮಕ್ಕಳೆಲ್ಲ ದಡ್ಡರಾದರಾ? ಸುಮ್ನೆ ಕೇಳಿದೆ.

ಕಾಫಿ ಕೊಯ್ಲು ಶುರುವಾದರೆ ನಮ್ಮ ತಾಂಡಾದ ಹಲವು ಮನೆಗಳಿಗೆ ಬೀಗ. ಅಪ್ಪ ಅಮ್ಮನ ಜೊತೆ ಮಕ್ಕಳೂ ಮಲೆನಾಡಿನ ಎಸ್ಟೇಟಿಗೆ. ಹಾಜರಿ ಪುಸ್ತಕದಲ್ಲಿ ಸಾಲು ಸಾಲು ಗೈರು. ಯುಗಾದಿ ಹೊತ್ತಿಗೆ ವಾಪಸ್ ಬಂದ ಒಬ್ಬ ಹುಡುಗ ಏಳರ ಮಗ್ಗಿ ಮರೆತಿದ್ದ. ಎಷ್ಟು ಕೆಜಿ ಹಣ್ಣು ಕಿತ್ತರೆ ಎಷ್ಟು ಕೂಲಿ ಅಂತ ಕೇಳಿದರೆ ಮಾತ್ರ ಥಟ್ ಅಂತ ಹೇಳುತ್ತಿದ್ದ.