ಮೇ ತಿಂಗಳ ಫೋನು, ಜೂನ್ ತಿಂಗಳ ಬಕೆಟ್ಟು

ಮುಂಬಯಿಯ ಹೊರವಲಯದ ಡೊಂಬಿವಿಲಿಯಲ್ಲಿ ದಿನಾ 8.07ರ ಲೋಕಲ್ ಹಿಡಿಯುವವನನ್ನು ಸೋಮಾರಿ ಎನ್ನಲು ಯಾರಿಗೂ ನಾಲಿಗೆ ಏಳದು. ಯಾವ ಡಬ್ಬದ ಎಷ್ಟನೇ ಬಾಗಿಲು ದಾದರಿನಲ್ಲಿ ಸರಿಯಾಗಿ ಮೆಟ್ಟಿಲಿನೆದುರು ನಿಲ್ಲುತ್ತದೆ ಎಂಬುದು ಅವನಿಗೆ ಬಾಯಿಪಾಠ. ಒಂದು ನಿಮಿಷ ತಡವಾದರೆ ದಿನವೇ ಕೆಟ್ಟಿತು ಎಂದು ನಂಬಿದ ಈ ಮನುಷ್ಯನ ಚೀಲದೊಳಗೆ ಒಂದು ಕೊಡೆ ಇರುತ್ತದೆ. ಹೋದ ಸೆಪ್ಟೆಂಬರಿನಲ್ಲಿ ಅದರ ಒಂದು ಕಡ್ಡಿಯ ತುದಿ ಬಟ್ಟೆಯಿಂದ ಕಿತ್ತು ಬಂದಿದೆ. ಬೇಕಾದದ್ದು ಒಂದು ಸೂಜಿ, ಒಂದು ಗೇಣು ಕಪ್ಪು ದಾರ, ಮೂರು ಹೊಲಿಗೆ. ಎಂಟು ತಿಂಗಳಾಯಿತು. ಕೊಡೆ ದಿನಾ ಡೊಂಬಿವಿಲಿಯಿಂದ ದಾದರಿಗೆ ಹೋಗಿ ಬರುತ್ತಿದೆ, ಕಡ್ಡಿ ಹಾಗೆಯೇ ಇದೆ.

ಕಾರಣ ಸರಳ. ರೈಲು ಕಾಯುವುದಿಲ್ಲ, ಕೊಡೆ ಕಾಯುತ್ತದೆ. ಯಾವುದು ಬಾಯಿ ಮುಚ್ಚಿಕೊಂಡು ಕಾಯುತ್ತದೋ ಅದನ್ನು ಕಾಯಿಸುವುದು ಮನುಷ್ಯನ ಸ್ವಭಾವ.

ಕೆಲಸ ಮುಂದೂಡುವ ಈ ವಿದ್ಯೆಯಲ್ಲಿ ಮುಂಬಯಿ ಕನ್ನಡಿಗನಿಗೆ ಭಾಷೆಯ ಅನುಕೂಲವೂ ಉಂಟು. ಮನೆಯಲ್ಲಿ ‘ನಾಳೆ ನೋಡುವಾ ಮಾರಾಯ್ತಿ’, ಹೌಸಿಂಗ್ ಸೊಸೈಟಿಯ ಸೆಕ್ರೆಟರಿಗೆ ಮರಾಠಿಯಲ್ಲಿ ‘ಉದ್ಯಾ’, ಪ್ಲಂಬರನಿಗೆ ಹಿಂದಿಯಲ್ಲಿ ‘ಕಲ್’. ಹಿಂದಿಯ ಕಲ್‌ಗೆ ನಿನ್ನೆ ಎಂದೂ ಅರ್ಥ, ನಾಳೆ ಎಂದೂ ಅರ್ಥ. ಹಾಗಾಗಿ ಆ ಮಾತು ಎಂದೂ ಸುಳ್ಳಾಗುವುದಿಲ್ಲ. ಊರ ಕಡೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ವಾಪಸು ಕಳಿಸುತ್ತಿದ್ದರು. ಇಲ್ಲಿ ಮೇಸ್ತ್ರಿಯನ್ನು ಕಳಿಸುತ್ತಾರೆ. ದೆವ್ವವೇನೋ ಪಾಪ, ಮರುದಿನವೂ ಬಂದು ಓದಿ ಹೋಗುತ್ತಿತ್ತು. ಮೇಸ್ತ್ರಿ ಎರಡನೇ ಸಲ ಬರುವುದಿಲ್ಲ.

ಗಾದೆಗಳೂ ಎರಡೂ ಪಕ್ಷಕ್ಕೆ ವಕಾಲತ್ತು ಹಾಕುತ್ತವೆ. ‘ನಾಳೆ ಎಂದವನ ಮನೆ ಹಾಳು’ ಎಂದು ಹೆದರಿಸಿದ ಬಾಯೇ ‘ತಾಳಿದವನು ಬಾಳಿಯಾನು’ ಎಂದು ಬೆನ್ನು ತಟ್ಟುತ್ತದೆ. ಮುಂದೂಡುವವರು ಎರಡನೆಯದನ್ನು ಫ್ರೇಮು ಹಾಕಿಸಬೇಕೆಂದಿದ್ದಾರೆ, ಇನ್ನೂ ಹಾಕಿಸಿಲ್ಲ.

ದೊಡ್ಡವರೂ ಇದರಿಂದ ಪಾರಾಗಿಲ್ಲ. ಅರ್ಥಶಾಸ್ತ್ರಜ್ಞ ಜಾರ್ಜ್ ಆಕರ್ಲಾಫ್ ಒಂದು ವರ್ಷ ಭಾರತದಲ್ಲಿದ್ದಾಗ ಗೆಳೆಯ ಜೋಸೆಫ್ ಸ್ಟಿಗ್ಲಿಟ್ಸ್ ನೋಡಲು ಬಂದರು. ಹೋಗುವಾಗ ಲಗೇಜಿನ ಮಿತಿ ಅಡ್ಡ ಬಂದು ಒಂದು ಪೆಟ್ಟಿಗೆ ಬಟ್ಟೆ ಇಲ್ಲೇ ಉಳಿಯಿತು, ಅಮೆರಿಕಕ್ಕೆ ಪಾರ್ಸೆಲ್ ಮಾಡಬೇಕಿತ್ತು. ಅದಕ್ಕೆ ಇಡೀ ಒಂದು ದಿನ ಬೇಕಾದೀತು ಎಂದು ಆಕರ್ಲಾಫ್ ಲೆಕ್ಕ ಹಾಕಿದರು. ಎಂಟು ತಿಂಗಳಿಗೂ ಹೆಚ್ಚು ಕಾಲ ಪ್ರತಿದಿನ ಬೆಳಗ್ಗೆ ಎದ್ದು ‘ನಾಳೆ ಕಳಿಸುತ್ತೇನೆ’ ಎಂದುಕೊಂಡರು. ಕೊನೆಗೆ ಊರಿಗೆ ಮರಳುತ್ತಿದ್ದ ಇನ್ನೊಬ್ಬ ಗೆಳೆಯನ ಸಾಮಾನಿನ ಜೊತೆಗೆ ಸೇರಿಸಿದರು. 1991ರ ಪ್ರಬಂಧವೊಂದರಲ್ಲಿ ಇದೇ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಅವರು ಬಿಡಿಸಿ ಹೇಳಿದ್ದು ಇದು: ಇವತ್ತಿನ ತೊಂದರೆ ಕಣ್ಣಿಗೆ ಕುಕ್ಕುತ್ತದೆ, ಒಂದು ದಿನ ತಡವಾದರೆ ಆಗುವ ನಷ್ಟ ಅಷ್ಟು ಎದ್ದು ಕಾಣುವುದಿಲ್ಲ. ದಿನದಿನವೂ ಈ ಚಿಲ್ಲರೆ ನಷ್ಟ ಕಟ್ಟುತ್ತೇವೆ, ಒಟ್ಟು ಮೊತ್ತ ಕೂಡಿಸುವುದಿಲ್ಲ. ಈ ಇಬ್ಬರು ಗೆಳೆಯರೂ 2001ರಲ್ಲಿ ಒಂದೇ ನೊಬೆಲ್ ಹಂಚಿಕೊಂಡರು. ನಮಗೆ ಅಷ್ಟು ಸಿಗದಿದ್ದರೂ ಪೆಟ್ಟಿಗೆ ಮಾತ್ರ ಎಲ್ಲರ ಮನೆಯಲ್ಲೂ ಇದೆ.

ಮುಂಬಯಿಯಲ್ಲಿ ಆ ಪೆಟ್ಟಿಗೆ ಸಾಮಾನ್ಯವಾಗಿ ಗೋಡೆಯ ರೂಪದಲ್ಲಿರುತ್ತದೆ. ಬೆಡ್‌ರೂಮಿನ ಕಿಟಕಿಯ ಮೇಲ್ಮೂಲೆಯಲ್ಲಿ, ಹೋದ ಮಳೆಗಾಲದಲ್ಲಿ ಮೂಡಿದ, ಹೆಚ್ಚುಕಡಿಮೆ ಗೋವಾದ ನಕ್ಷೆಯ ಹಾಗಿರುವ ಒಂದು ಕಂದು ಕಲೆ. ಅದರ ಹಿಂದೆ, ಹೊರಗೋಡೆಯಲ್ಲಿ, ಒಂದು ಬಿರುಕು.

ಮೇ ತಿಂಗಳಲ್ಲಿ ಇದು ಒಂದೆರಡು ದಿನದ ಕೆಲಸ. ಬಿರುಕನ್ನು ಉಳಿಯಿಂದ ‘ವಿ’ ಆಕಾರಕ್ಕೆ ಸ್ವಲ್ಪ ಅಗಲಿಸಬೇಕು, ಇಲ್ಲದಿದ್ದರೆ ತುಂಬಿದ್ದು ಮೇಲೆ ಮೇಲೆಯೇ ಕೂತು ಸಿಪ್ಪೆಯ ಹಾಗೆ ಏಳುತ್ತದೆ. ಬ್ರಶ್ಶಿನಿಂದ ಧೂಳು ತೆಗೆದು, ಬಿರುಕು ತುಂಬುವ ಪೇಸ್ಟನ್ನು ಒತ್ತಿ ತುಂಬಿ, ಒಣಗಿದ ಮೇಲೆ ವಾಟರ್‌ಪ್ರೂಫಿಂಗ್ ಎರಡು ಕೋಟು. ಎರಡು ಕೋಟುಗಳ ನಡುವೆ ಡಬ್ಬದ ಮೇಲೆ ಬರೆದಷ್ಟು ಗಂಟೆ ಬಿಡಬೇಕು. ಊಟಕ್ಕೆ ಹೋಗಿ ಬರುವಷ್ಟು ಬಿಟ್ಟರೆ ಸಾಲದು. ಕಿಟಕಿಯ ಚೌಕಟ್ಟಿನ ಸುತ್ತ ಸಿಲಿಕೋನ್ ಎಳೆಯುವುದಿದ್ದರೆ ಹಳೆಯದನ್ನು ಪೂರ್ತಿ ಕೆರೆದು ತೆಗೆಯಬೇಕು. ಹಳೆಯದರ ಮೇಲೆ ಹೊಸದು ಹಿಡಿಯದು. ಎಳೆದ ಮೇಲೆ ಒಂದು ದಿನ ನೀರು ತಾಗಿಸಬಾರದು. ಟೆರೇಸಿನಲ್ಲಿ ಮಳೆನೀರಿನ ಪೈಪಿನ ಬಾಯಿಗೆ ಕೈ ಹಾಕಿ ಪಾರಿವಾಳದ ಗರಿ, ಒಣಗಿದ ಎಲೆ, ಯಾರೋ ಹಾರಿಸಿದ ಗಾಳಿಪಟದ ಚಿಂದಿ ಎಳೆದು ಹಾಕಿದರೆ ಇನ್ನರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಹತ್ತು ನಿಮಿಷ, ಒಂದು ಜೊತೆ ಗ್ಲೌಸು.

ಇದಿಷ್ಟಕ್ಕೂ ಒಂದೇ ಷರತ್ತು: ಗೋಡೆ ಒಣಗಿರಬೇಕು. ಮುಂಬಯಿಯ ಗೋಡೆ ಜೂನ್‌ನಲ್ಲಿ ಒದ್ದೆಯಾದರೆ ಮತ್ತೆ ಒಳಗಿನ ತನಕ ಒಣಗುವುದು ದೀಪಾವಳಿಯ ಹೊತ್ತಿಗೆ.

‘ರೀ, ಮೇಸ್ತ್ರಿಗೆ ಫೋನ್ ಮಾಡಿದಿರಾ?’

‘ಮಳೆಗೆ ಇನ್ನೂ ಹದಿನೈದು ದಿನ ಉಂಟಲ್ಲ ಮಾರಾಯ್ತಿ.’

ಹವಾಮಾನ ಇಲಾಖೆಯ ಪ್ರಕಾರ ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. ಮುಂದೂಡುವವರಿಗೆ ಈ ಒಂದು ತಾರೀಖು ಮಾತ್ರ ಚೆನ್ನಾಗಿ ನೆನಪಿರುತ್ತದೆ. 2025ರಲ್ಲಿ ಮುಂಗಾರು ಮೇ 26ಕ್ಕೇ ಬಂದಿಳಿಯಿತು, ಹದಿನಾರು ದಿನ ಮೊದಲು. ಜೂನ್ 10ರ ಸಂಜೆಗೆ ಕೆಲಸ ಇಟ್ಟುಕೊಂಡವರೆಲ್ಲ ಅಂದು ನೀಲಿ ತಾಡಪತ್ರಿಯ ಅಂಗಡಿ ಮುಂದೆ ಸಾಲು ನಿಂತರು.

ಆದರೆ ಫೋನ್ ಯಾಕೆ ಮಾಡಲಿಲ್ಲ? ಸಮಯವಿರಲಿಲ್ಲ ಎನ್ನುವ ಹಾಗಿಲ್ಲ. ಅದೇ ಭಾನುವಾರ ಯಜಮಾನರು ಸ್ಟೂಲು ಹತ್ತಿ ಮೂರೂ ಫ್ಯಾನು ಒರೆಸಿದ್ದಾರೆ, ಸ್ಟೀಲಿನ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿದ್ದಾರೆ. ಮುಂದೂಡುವವರ ಮನೆಯ ಫ್ಯಾನು ಸದಾ ಲಕಲಕ ಅನ್ನುತ್ತಿರುತ್ತದೆ. ತಪ್ಪಿಸಿಕೊಳ್ಳುತ್ತಿರುವುದು ಫೋನಿನ ಆಚೆಯಿಂದ ಬರುವ ಒಂದು ವಾಕ್ಯದಿಂದ: ‘ಪೂರಾ ಒಡೀಬೇಕಾಗ್ತದೆ ಸಾಹೇಬ್ರೆ.’ ಆ ಮಾತು ಕೇಳುವ ಮುನ್ನದ ಹೊಟ್ಟೆಯ ಕಸಿವಿಸಿಯನ್ನು ಫ್ಯಾನು ಒರೆಸಿ ಹೋಗಲಾಡಿಸಿಕೊಳ್ಳುವುದು. ಮುಂದೂಡುವಿಕೆಯನ್ನೇ ಅಧ್ಯಯನ ಮಾಡಿದ ಕೆನಡಾದ ಮನಶ್ಶಾಸ್ತ್ರಜ್ಞ ಟಿಮೊತಿ ಪಿಚಿಲ್ ಹೇಳುವುದೂ ಇದನ್ನೇ: ಇದು ಸಮಯ ಹೊಂದಿಸಲು ಬಾರದವರ ತೊಂದರೆ ಅನ್ನುವುದಕ್ಕಿಂತ, ಕಸಿವಿಸಿ ತಾಳಲಾರದವರ ತೊಂದರೆ. ಬಿಚ್ಚದೆ ಬಿಟ್ಟ ಮೆಡಿಕಲ್ ರಿಪೋರ್ಟಿನ ಲಕೋಟೆಗೂ ಇದೇ ಕಾರಣ.

ಇನ್ನು ಜೂನ್‌ನಲ್ಲಿ ಆಗುವುದನ್ನು ನೋಡಿ. ಹೊರಗೆ ಹಗ್ಗಕ್ಕೆ ಜೋತುಬಿದ್ದು ಕೆಲಸ ಮಾಡುವವರು ಮಳೆಯಲ್ಲಿ ಇಳಿಯುವುದಿಲ್ಲ. ಉಳಿದದ್ದು ಒಳಗಿನ ಕೆಲಸ. ಹಾಗಾಗಿ ಒದ್ದೆ ಗೋಡೆಗೆ ಒಳಗಿನಿಂದ ಪುಟ್ಟಿ ಮೆತ್ತಿ, ಬಣ್ಣ ಬಳಿಸಿ, ‘ಸದ್ಯಕ್ಕೆ ಇದೇ ಒಳ್ಳೆಯದು ಅಂತ ತೀರ್ಮಾನ ಮಾಡಿದೆವು’ ಎನ್ನುತ್ತಾರೆ. ತೀರ್ಮಾನ ಮಾಡಿದ್ದು ಅವರಲ್ಲ, ಮಳೆ. ನೀರು ಬಣ್ಣದ ಹಿಂದೆ ಸಿಕ್ಕಿಬಿದ್ದು, ಬಣ್ಣ ಹಪ್ಪಳದ ಹಾಗೆ ಉಬ್ಬಿ, ಬಿಳಿ ಉಪ್ಪು ಹೊರಹೊಮ್ಮಿ, ಸರಿಯಾಗಿ ಚೌತಿಗೆ ನೆಂಟರು ಬಂದು ಕೂತಾಗ ಒಂದು ಚಕ್ಕೆ ಕಾಫಿ ಲೋಟಕ್ಕೆ ಬೀಳುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಇಲ್ಲಿ ದಿಡ್ಡಿ ಬಾಗಿಲಿಗೆ ಬಣ್ಣವನ್ನೂ ಬಳಿದಿರುತ್ತಾರೆ.

ನೆಂಟರು ಬರುವ ಬದಲು ನಾವೇ ಊರಿಗೆ ಹೋಗುವುದಿದ್ದರೆ ಪಾಡು ಬೇರೆ. ರೈಲು ಟಿಕೆಟ್ ಬುಕಿಂಗ್ ಮೊದಲು 120 ದಿನ ಮುಂಚೆ ತೆರೆಯುತ್ತಿತ್ತು. 2024ರ ನವೆಂಬರ್ 1ರಿಂದ ಅದು 60 ದಿನ. 2026ರ ಚೌತಿ ಸೆಪ್ಟೆಂಬರ್ 14, ಸೋಮವಾರ. ಶನಿವಾರ 12ಕ್ಕೆ ಹೊರಡುವವರಿಗೆ ಬುಕಿಂಗ್ ತೆರೆಯುವುದು ಜುಲೈ 14ರ ಬೆಳಗ್ಗೆ 8ಕ್ಕೆ. ಅಂದು ಕೂತವನ ಮುಂದಿರುವ ಪ್ರಶ್ನೆ: ಯಾವ ಗಾಡಿ, ಯಾವ ಬರ್ತು? ಜುಲೈ ಕೊನೆಗೆ ಪ್ರಶ್ನೆ ಬದಲಾಗುತ್ತದೆ: ಯಾವ ದಿನ ಸಿಕ್ಕೀತು? ಆಗಸ್ಟಿನಲ್ಲಿ: ಉಡುಪಿ ಬೇಡ, ಕುಂದಾಪುರಕ್ಕಾದರೂ ಇದೆಯೇ? ಸೆಪ್ಟೆಂಬರಿನಲ್ಲಿ: ಹೋಗಲೇಬೇಕೆ? ಪ್ರಶ್ನೆ ಸಣ್ಣದಾಗುತ್ತಾ ಹೋದಂತೆ ಉತ್ತರ ಸುಲಭವಾಗುತ್ತದೆ. ಮುಂದೂಡುವವರು ಇದನ್ನು ‘ತಾನಾಗಿ ಬಗೆಹರಿಯಿತು’ ಎಂದು ಕರೆಯುತ್ತಾರೆ.

ಕೊನೆಯ ಆಸರೆ ತತ್ಕಾಲ್. ಪ್ರಯಾಣದ ಹಿಂದಿನ ದಿನ ಎಸಿಗೆ 10 ಗಂಟೆ, ಸ್ಲೀಪರಿಗೆ 11. ಒಂದು ಟಿಕೆಟ್ಟಿನಲ್ಲಿ ನಾಲ್ಕೇ ಜನ. ಅಜ್ಜಿ ಐದನೆಯವರಾದರೆ ಇನ್ನೊಂದು ಸುತ್ತು. 2025ರ ಜುಲೈಯಿಂದ ಖಾತೆಗೆ ಆಧಾರ್ ಜೋಡಣೆ ಕಡ್ಡಾಯ, ಮತ್ತು ಇದು 9.58ಕ್ಕೆ ತಿಳಿಯುವ ವಿಷಯ. ಪ್ರಯಾಣಿಕರ ಹೆಸರು, ವಯಸ್ಸು ಮೊದಲೇ ಖಾತೆಯಲ್ಲಿ ತುಂಬಿಡದವರು ‘ಅಮ್ಮ, ನಿಮಗೆಷ್ಟು ವಯಸ್ಸು?’ ಎಂದು ಊರಿಗೆ ಫೋನ್ ಮಾಡುವಷ್ಟರಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ತುಂಬಿರುತ್ತದೆ. ಸಿಕ್ಕರೂ ದುಡ್ಡು ಹೆಚ್ಚು, ಖಾತ್ರಿಯಾದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಮರಳುವುದು ಸೊನ್ನೆ. ಹಾಗಾಗಿ ಮನಸ್ಸು ಬದಲಾದರೂ ಹೊರಡಬೇಕು. ಆಯ್ಕೆ ತೆರೆದಿರಲಿ ಎಂದು ಎರಡು ತಿಂಗಳು ಸುಮ್ಮನಿದ್ದವರು ಕೊನೆಗೆ ಕೊಂಡದ್ದು ಆಯ್ಕೆಯೇ ಇಲ್ಲದ ಟಿಕೆಟ್ಟು.

ಲೆಕ್ಕವೂ ಕೈಕೊಡುತ್ತದೆ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು ‘ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು?’ ಎಂದು ಕೇಳಿದರು. ಸರಾಸರಿ ಉತ್ತರ 33.9 ದಿನ, ತಗಲಿದ್ದು 55.5. ಒಳ್ಳೆಯ ಮಕ್ಕಳು. ಇವರನ್ನು ಸೊಸೈಟಿಯ ವಾರ್ಷಿಕ ಸಭೆಗೆ ಕರೆಸಿ, ಟೆರೇಸ್ ಕೆಲಸಕ್ಕೆ ಕೊಟ್ಟ ‘ಒಂದು ವಾರ’ವನ್ನು ತೋರಿಸಬೇಕಿತ್ತು.

ಮದ್ದು ಇದೆಯೇ? ಸ್ವಲ್ಪ ಮಟ್ಟಿಗೆ. ಪಟ್ಟಿಯಲ್ಲಿ ‘ಸೋರಿಕೆ ರಿಪೇರಿ’ ಎಂದು ಬರೆದರೆ ಅದು ಮಾಡುವ ಕೆಲಸವಲ್ಲ, ಹೆದರುವ ಕೆಲಸ. ‘ಕಲೆಯ ಫೋಟೊ ತೆಗೆದು ಮೇಸ್ತ್ರಿಗೆ ಕಳಿಸು’ ಎಂದು ಬರೆದರೆ ಒಂದು ನಿಮಿಷದ್ದು. ಅದಕ್ಕೂ ಹೊತ್ತು ಕಟ್ಟಬೇಕು, ಮತ್ತು ‘ಬಿಡುವಾದಾಗ’ ಎಂಬುದು ಹೊತ್ತಲ್ಲ. ಮುಂಬಯಿಯವರಿಗೆ ಲೋಕಲ್ಲೇ ಗಡಿಯಾರ: ಗಾಡಿ ಥಾಣೆ ಸ್ಟೇಷನ್ ಬಿಟ್ಟ ಕೂಡಲೇ ಕಳಿಸುವುದು, ಕುರ್ಲಾ ಬರುವುದರೊಳಗೆ ಬ್ಲೂ ಟಿಕ್ ನೋಡುವುದು. ಇಂಥಾದ್ದು ಆದಾಗ ಇಂಥಾದ್ದು ಮಾಡುತ್ತೇನೆ ಎಂದು ಮೊದಲೇ ಗಂಟು ಹಾಕಿಟ್ಟವರು ಸುಮ್ಮನೆ ಮನಸ್ಸು ಮಾಡಿದವರಿಗಿಂತ ಹೆಚ್ಚು ಕೆಲಸ ಮುಗಿಸುತ್ತಾರೆ ಎಂಬುದನ್ನು ಪೀಟರ್ ಗಾಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞ ತೋರಿಸಿಕೊಟ್ಟಿದ್ದಾರೆ. ಅವರು ಥಾಣೆ ಕಂಡಿರಲಿಕ್ಕಿಲ್ಲ, ಆದರೂ ಸರಿಯಾಗಿ ಹೇಳಿದ್ದಾರೆ. ನಿಂತು ಹೋಗುವವರಿಗೆ ಒಂದು ಕೈ ಹಿಡಿಕೆಯಲ್ಲಿರುವುದರಿಂದ ಫೋಟೊ ಮಾತ್ರ ಹಿಂದಿನ ರಾತ್ರಿಯೇ ತೆಗೆದಿಡಿ.

ಇದ್ಯಾವುದೂ ಆಗದವರಿಗೆ ಉಳಿಯುವುದು ಗಣಿತ. ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೆ ದಿನಕ್ಕೆ 86,400 ಹನಿ, ಸುಮಾರು ನಾಲ್ಕೂಕಾಲು ಲೀಟರು. ಹತ್ತು ಲೀಟರಿನ ಬಕೆಟ್ಟಾದರೆ ಎರಡು ದಿನಕ್ಕೊಮ್ಮೆ ಚೆಲ್ಲಬೇಕು. ಇಪ್ಪತ್ತು ಲೀಟರಿನದಾದರೆ ನಾಲ್ಕು ದಿನ ಅತ್ತ ತಲೆ ಹಾಕಬೇಕಿಲ್ಲ. ಜೂನ್ ಎರಡನೇ ವಾರ ಡೊಂಬಿವಿಲಿ ಸ್ಟೇಷನ್ನಿನ ಹೊರಗೆ ಪ್ಲಾಸ್ಟಿಕ್ ಸಾಮಾನು ಮಾರುವವನ ಮುಂದೆ, ಕಡ್ಡಿ ಕಿತ್ತ ಕೊಡೆ ಹಿಡಿದು ನಿಂತವರು ಕೇಳುತ್ತಿರುವುದು ಇದನ್ನೇ: ‘ಇದಕ್ಕಿಂತ ದೊಡ್ಡದಿಲ್ವಾ?’