ಗೋಡೆಯ ಮೇಲಿನ ಕೋಳಿ, ಅಂಗಳದ ಕೋಳಿ

ನಮ್ಮ ಮನೆಯ ಹಾಲ್‌ನಲ್ಲಿ ಈಗ ಏಳು ಕೋಳಿಗಳಿವೆ. ಎಲ್ಲವೂ ಫ್ರೇಮಿನೊಳಗೆ. ಹೋದ ವರ್ಷ ಊರಿಂದ ಬಂದ ಅಮ್ಮ ಚಪ್ಪಲಿ ಬಿಡುವ ಮೊದಲೇ ಕೇಳಿದರು, "ದೇವರ ಪಟ ಹಾಕುವ ಜಾಗದಲ್ಲಿ ಕೋಳಿ ಯಾಕೆ ಮಗಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಊರು ಪುತ್ತೂರಿನ ಹತ್ತಿರ, ಇರುವುದು ಬರ್ಮಿಂಗ್‌ಹ್ಯಾಮ್ ಪಕ್ಕ, 11 ವರ್ಷ ಆಯಿತು. ಒಂದು ಭಾನುವಾರ ಮಳೆ ಬಂತೆಂದು ಹಳೇ ಸಾಮಾನಿನ ಸಂತೆಯೊಳಗೆ ನುಗ್ಗಿದೆ. ಅಲ್ಲೊಂದು ಹಳದಿ ಬಣ್ಣದ ಕೋಳಿಯ ಚಿತ್ರ, ಕಾಲ್ಬೆರಳಿನ ತನಕ ಪುಕ್ಕ, ಪೈಜಾಮ ಹಾಕಿದ ಹಾಗೆ. ಕೆಳಗೆ ಕೊಚ್ಚಿನ್ ಎಂದಿತ್ತು. ನಮ್ಮದೇ ಕಡೆಯದು ಎಂದು ತಗೊಂಡೆ. ಮಲಯಾಳಿ ಗೆಳೆಯನಂತೂ ಅದು ತನ್ನೂರಿನದೇ ಎಂದು ವಾರಗಟ್ಟಲೆ ಬೀಗಿದ. ಆಮೇಲೆ ನೋಡಿದರೆ ಅದು ಚೀನಾದಿಂದ ಬಂದ ಕೋಳಿ, ಹೆಸರು ವಿಯೆಟ್ನಾಂ ಕಡೆಯ ಕೊಚ್ಚಿನ್‌ ಚೀನಾದ್ದು. ಬ್ರಹ್ಮ ಎಂಬ ಕೋಳಿಯದ್ದೂ ಇಂಥದ್ದೇ ಕಥೆ. ಹೆಸರು ನಮ್ಮ ಬ್ರಹ್ಮಪುತ್ರ ನದಿಯದ್ದು, ತಳಿ ರೂಪುಗೊಂಡದ್ದು ಅಮೆರಿಕದಲ್ಲಿ. 1852ರಲ್ಲಿ ಅಮೆರಿಕದ ಬರ್ನ್‌ಹ್ಯಾಮ್ ಎಂಬ ವ್ಯಾಪಾರಿ ಈ ಜಾತಿಯ ಕೋಳಿಗಳನ್ನು ವಿಕ್ಟೋರಿಯಾ ರಾಣಿಗೆ ಕಾಣಿಕೆ ಕಳಿಸಿದ್ದ. ಆಗ ಇಲ್ಲಿ ಕೋಳಿ ಹುಚ್ಚು ಹಿಡಿದಿತ್ತು, ಸುಮ್ನೆ ಮಾತಿಗೆ ಹೇಳುತ್ತಿಲ್ಲ, ಆ ಕಾಲವನ್ನು ಇವರೇ ಕೋಳಿ ಜ್ವರ ಎಂದು ಕರೆದಿದ್ದಾರೆ.

ಇಲ್ಲೂ ಮೊದಲು ಕೋಳಿ ಅಂಕ, ಅಂದರೆ ಹುಂಜಗಳ ಕಾದಾಟ, ಇತ್ತು ಮಾರಾಯ್ರೆ, ಜೋರಾಗಿಯೇ ಇತ್ತು. 1835ರಲ್ಲಿ ಕಾನೂನು ತಂದು ನಿಲ್ಲಿಸಿದರು. ಕದ್ದುಮುಚ್ಚಿ ಆಡುವವರು ಆಡಿದರು, ಆದರೆ 1845ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಕೋಳಿ ಪ್ರದರ್ಶನವೇ ನಡೆಯಿತು. ಕಾದಾಟದ ಬದಲು ಸೌಂದರ್ಯ ಸ್ಪರ್ಧೆ! ಸ್ಪರ್ಧೆ ಬಂದ ಮೇಲೆ ಚಿತ್ರವೂ ಬೇಕಾಯಿತು. 1870ರ ದಶಕದಲ್ಲಿ ಲೂಯಿಸ್ ರೈಟ್ ಬರೆದ ದಪ್ಪ ಕೋಳಿ ಪುಸ್ತಕಕ್ಕೆ ಜೆ.ಡಬ್ಲ್ಯು. ಲಡ್ಲೋ ಎಂಬಾತ 50 ಬಣ್ಣದ ಚಿತ್ರ ಬರೆದ. ಈ ಲಡ್ಲೋ ನಾನಿರುವ ಬರ್ಮಿಂಗ್‌ಹ್ಯಾಮಿನವನೇ. ಹುಂಜ, ಹೇಂಟೆ ಜೋಡಿಯಾಗಿ ನಿಂತಿರುತ್ತವೆ, ಮದುವೆ ಫೋಟೋದ ಹಾಗೆ. ಕೆಳಗೆ ಸಾಕಿದವರ ಹೆಸರು, ಗೆದ್ದ ಬಹುಮಾನ.

ನಮ್ಮಲ್ಲಿ ಗೆದ್ದ ಹುಂಜದ ಚಿತ್ರ ಯಾರು ಬರೆಸಿದ್ದಾರೆ? ಸೋತದ್ದು ಗೆದ್ದವನ ಪಾಲು, ರಾತ್ರಿಗೆ ಸುಕ್ಕ. ಗೆದ್ದದ್ದು ಮುಂದಿನ ಅಂಕದ ತನಕ ರಾಜ. 1960ರ ಪ್ರಾಣಿ ಹಿಂಸೆ ತಡೆ ಕಾನೂನು ಬಂದ ಮೇಲೂ ಅಂಕ ನಿಂತಿಲ್ಲ ಎಂಬುದು ಬೇರೆ ಮಾತು, ಹುಂಜದ ಕಾಲಿಗೆ ಬಾಳು, ಅಂದರೆ ಸಣ್ಣ ಚೂರಿ, ಕಟ್ಟಿ ಬಿಡುವುದನ್ನು ನಾನು ಸಮರ್ಥಿಸುವುದೂ ಇಲ್ಲ. ಆದರೆ ನಮ್ಮ ಮಾವ, ತುಳುವಿನಲ್ಲಿ ತಮ್ಮಲೆ, ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಅದರ ಕುತ್ತಿಗೆ ಪುಕ್ಕವನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ಬಣ್ಣ ನೋಡುತ್ತಿದ್ದರು. ಬೊಳ್ಳೆ, ಮೈರೆ, ಉರಿಯೆ, ಹೀಗೆ ಬಣ್ಣಕ್ಕೊಂದು ಹೆಸರು. ಯಾವ ದಿನ ಯಾವ ಬಣ್ಣದ್ದು ಗೆಲ್ಲುತ್ತದೆ ಎಂಬುದಕ್ಕೆ ಕುಕ್ಕುಟ ಪಂಚಾಂಗ ಬೇರೆ. ಪಂಚಾಂಗ ನೋಡಿಯೂ ಅವರು ಸೋತದ್ದೇ ಜಾಸ್ತಿ.

ಇಂಗ್ಲಿಷರ ಚಿತ್ರ ನೋಡಿ ಮೊದಮೊದಲು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಎಷ್ಟು ಚೆಂದ ಕಾಪಾಡಿದ್ದಾರೆ ಅಲ್ವಾ ಅಂತ. ಈಗ ಅಷ್ಟಿಲ್ಲ. ಈ ಚಿತ್ರಗಳು ಕೋಳಿ ಇದ್ದ ಹಾಗೆ ಬರೆದವಲ್ಲ, ಹೀಗಿರಬೇಕು ಎಂದು ಬರೆದವು. ಆಮೇಲೆ ಸಾಕುವವರು ಚಿತ್ರಕ್ಕೆ ಸರಿಯಾಗಿ ಕೋಳಿ ಬೆಳೆಸಲು ಹೊರಟರು. ಪುಕ್ಕ ಜಾಸ್ತಿ ಬೇಕು ಎಂದರೆ ಪುಕ್ಕ, ಗಾತ್ರ ಬೇಕು ಎಂದರೆ ಗಾತ್ರ. ಮೊಟ್ಟೆ ಇಡುತ್ತದಾ ಎಂದು ಕೇಳುವವರು ಹಿಂದಿನ ಬೆಂಚಿಗೆ ಹೋದರು. ನಮ್ಮ ನಾಟಿ ಕೋಳಿಗೆ ಈ ಕಾಟ ಇಲ್ಲ. ಒಂದೇ ತಾಯಿಯ ಮರಿಗಳು ಆರು ಬಣ್ಣ, ಯಾರಿಗೂ ಬೇಸರ ಇಲ್ಲ. ಆದರೆ ಮಾವನ ಬಾಯಲ್ಲಿದ್ದ ಹೆಸರುಗಳಲ್ಲಿ ನನಗೆ ನೆನಪಿರುವುದು ಈ ಮೂರು ಮಾತ್ರ. ಚಿತ್ರವೂ ಇಲ್ಲ, ಮಾವನೂ ಇಲ್ಲ.

ಮೋಸವೂ ಹೋಗಿದ್ದೇನೆ. 25 ಪೌಂಡ್ ಕೊಟ್ಟು ತಂದ ಹಳೇ ಚಿತ್ರವನ್ನು ಮನೆಯಲ್ಲಿ ಭೂತಗನ್ನಡಿ ಹಿಡಿದು ನೋಡಿದರೆ ಹುಂಜದ ಜುಟ್ಟಿನ ತುಂಬಾ ರಂಗೋಲಿ ಚುಕ್ಕಿ, ಅಳತೆ ಇಟ್ಟ ಹಾಗೆ ಸಾಲುಸಾಲು. ಅದು ಈಚಿನ ಆಫ್‌ಸೆಟ್ ಮುದ್ರಣ, ಕಾಗದಕ್ಕೆ ಮಾತ್ರ ಚಹಾ ಬಣ್ಣ. ನಿಜವಾದ ಕಲ್ಲಚ್ಚಿನಲ್ಲಿ ಬಣ್ಣಕ್ಕೊಂದು ಕಲ್ಲು, ಒಂದರ ಮೇಲೊಂದು ಒತ್ತಿದ ಬಣ್ಣ. ಚುಕ್ಕಿ ಇದ್ದರೂ ಕೈಯಲ್ಲಿ ಇಟ್ಟದ್ದು, ಒಂದು ದೊಡ್ಡದು ಒಂದು ಸಣ್ಣದು. ಮಾರಿದವನನ್ನು ಕೇಳಿದರೆ "ನಾನು ಹಳೇದು ಅಂದೆ, ಎಷ್ಟು ಹಳೇದು ಅಂದೆನಾ?" ಎಂದ. ನಮ್ಮೂರ ಸಂತೆಯಲ್ಲೇ ಪಳಗಿದವನ ಹಾಗೆ.

ಅಸಲಿಯಾಗಿದ್ದರೂ ಸಂಕಟ ತಪ್ಪಿದ್ದಲ್ಲ. ಇಡೀ ಪುಸ್ತಕ ಮಾರಿದರೆ ಒಬ್ಬ ಗಿರಾಕಿ, ಹರಿದರೆ 50 ಗಿರಾಕಿ. ಹಾಗಾಗಿ ವ್ಯಾಪಾರಿಗಳು ಹಾಳೆ ಕತ್ತರಿಸಿ ಮಾರುತ್ತಾರೆ. ನನ್ನ ಏಳೂ ಹಾಗೆ ಬಂದವೇ. ಎಡಗಡೆ ಅಂಚಿನಲ್ಲಿ ಹೊಲಿಗೆಯ ತೂತು ಕಾಣುತ್ತದೆ, ಫ್ರೇಮಿನವನು ಮೌಂಟ್ ಹಾಕಿ ಅದನ್ನು ಮುಚ್ಚಿಕೊಟ್ಟ. ಸರಸ್ವತಿಗೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಂಡು ಬೆಳೆದವನು ಪುಸ್ತಕ ಹರಿದದ್ದಕ್ಕೆ ದುಡ್ಡು ಕೊಡುತ್ತಿದ್ದೇನೆ.

ಹಾಗೆಂದು ನಾವೇನು ಕಮ್ಮಿ? ಅಜ್ಜಿಯ ಮನೆ ಚಾವಡಿಯಲ್ಲಿ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ ಇದ್ದಳು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಜರ್ಮನಿಯ ಯಂತ್ರ ಹಾಕಿ ಶುರುಮಾಡಿದ ಪ್ರೆಸ್ಸು, ಈ ಕೋಳಿಗಳದ್ದೇ ಕಲ್ಲಚ್ಚು. ಗಾಜು ಒಡೆಯಿತು, ಗೆದ್ದಲು ಒಂದು ಮೂಲೆ ತಿಂದಿತು. ಭಿನ್ನವಾದ ಪಟ ಮನೆಯಲ್ಲಿ ಇರಬಾರದು ಎಂದು ಅರಳಿಕಟ್ಟೆಯಲ್ಲಿ ಇಟ್ಟು ಬಂದರು. ಇಟ್ಟು ಬಂದವನು ನಾನೇ, ಆಗ ಏಳನೇ ಕ್ಲಾಸು. ಈಗ ಇಲ್ಲಿ ಅಂಥದ್ದೇ ಕಾಗದ ಮುಟ್ಟುವಾಗ ಹತ್ತಿಯ ಕೈಗವಸು ಹಾಕುತ್ತೇನೆ.

ಮೊನ್ನೆ ಅಮ್ಮನಿಗೆ ಫೋನ್ ಮಾಡಿ ನಮ್ಮ ಅಂಗಳದ ಹುಂಜದ ಒಂದು ಒಳ್ಳೆಯ ಫೋಟೋ ಕಳಿಸಿ, ಇಲ್ಲಿ ಯಾರಲ್ಲಾದರೂ ಚಿತ್ರ ಬರೆಸುತ್ತೇನೆ ಎಂದೆ. ಮೂರು ಫೋಟೋ ಬಂತು. ಒಂದರಲ್ಲಿ ಬಾಲ, ಒಂದರಲ್ಲಿ ಬರೀ ಅಂಗಳ, ಇನ್ನೊಂದರಲ್ಲಿ ಅಮ್ಮನ ಹೆಬ್ಬೆರಳು. ಇನ್ನೊಮ್ಮೆ ತೆಗೀರಿ ಎಂದರೆ, "ಬೇಗ ಹೇಳು ಮಗಾ, ಅದು ಗುಳಿಗ ದೈವಕ್ಕೆ ಹರಕೆ ಹೇಳಿಕೊಂಡದ್ದು, ಬರುವ ಸಂಕ್ರಾಂತಿಗೆ ಉಂಟು" ಎಂದರು.