ಅಲಾರಾಂ ಸದ್ದು ನಿಂತರೆ ಕೆಲಸ ಮುಗಿಯಿತೇ?

ಇವತ್ತಿನ ಸಭೆಯಲ್ಲಿ ಮತ್ತೆ ಅದೇ ತೀರ್ಪು ಕೇಳಿ ಬಂದಿದ್ದೇನೆ: ‘ಆಪರೇಟರ್‌ನ ನಿರ್ಲಕ್ಷ್ಯ’. ಭದ್ರತಾ ಕೊಠಡಿಯಲ್ಲಿ ಅಲಾರಾಂ ನೋಡುತ್ತ ಕೂತಿದ್ದ ರಾತ್ರಿ ಪಾಳಿಯ ಹುಡುಗ ಬಾಗಿಲೊಂದರ ಅಲಾರಾಂ ಬಂದಾಗ ಪರದೆಯ ಮೇಲೆ ‘ಅಕ್ನಾಲೆಜ್’ (ಕಂಡೆ ಎಂದು ತಿಳಿಸುವ ಗುಂಡಿ) ಒತ್ತಿದ, ಕಾವಲುಗಾರನನ್ನು ಕಳುಹಿಸಲಿಲ್ಲ. ಅಷ್ಟಕ್ಕೇ ನೋಟಿಸ್. ಅಲಾರಾಂ ಸಾಫ್ಟ್‌ವೇರ್‌ನ ದಾಖಲೆಯನ್ನು ನಾನು ಮೇಜಿನ ಮೇಲೆ ಹರಡಿ ತೋರಿಸಿದೆ. ಬಾಗಿಲು ಮುಚ್ಚಿದ್ದರೂ ತೆರೆದಿದೆ ಎನ್ನುವ ಕೆಟ್ಟ ಸೆನ್ಸರ್ ರಾತ್ರಿಯಿಡೀ ಕೂಗಿತ್ತು, ಅದರ ಹಿಂದಿನ ರಾತ್ರಿಯೂ ಕೂಗಿತ್ತು. ಅದನ್ನು ದುರಸ್ತಿ ಮಾಡಿಸದವರಿಗೆ ನೋಟಿಸ್ ಇಲ್ಲ!

ಈ ವಿಷಯದಲ್ಲಿ ನನಗೆ ಸಿಟ್ಟು ಬೇಗ ಬರುತ್ತದೆ. ಅಕ್ನಾಲೆಜ್ ಒತ್ತಿದರೆ ಯಾರೋ ಒಬ್ಬರು ಅಲಾರಾಂ ಕಂಡರು ಎಂಬುದಷ್ಟೇ ದಾಖಲಾಗುತ್ತದೆ, ಸದ್ದು ನಿಲ್ಲುತ್ತದೆ. ಸ್ಪಂದನೆ ಶುರುವಾಗುವುದು ಆಮೇಲೆ. ಆ ಬಾಗಿಲಿನ ಕ್ಯಾಮೆರಾ ನೋಡಬೇಕು, ಆಳು ಕಳುಹಿಸಬೇಕು, ಅಲ್ಲಿ ಕಂಡದ್ದನ್ನು ಬರೆದು ಮುಕ್ತಾಯಗೊಳಿಸಬೇಕು. ಇದಕ್ಕೆಲ್ಲ ಸಮಯ ಬೇಕು. ಆ ಸಮಯವನ್ನೇ ಸುಳ್ಳು ಅಲಾರಾಂಗಳು ತಿಂದುಹಾಕುತ್ತವೆ.

1994ರ ಜುಲೈ 24ರಂದು ವೇಲ್ಸ್‌ನ ಮಿಲ್ಫರ್ಡ್ ಹೇವನ್‌ನ ತೈಲ ಸಂಸ್ಕರಣಾಗಾರದಲ್ಲಿ ಸ್ಫೋಟವಾಯಿತು. ಅದಕ್ಕೆ ಮುಂಚಿನ ಸುಮಾರು 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ ಬಂದ ಅಲಾರಾಂಗಳು 275. ಯಾವುದನ್ನು ನೋಡಬೇಕಿತ್ತು ಅವರು? ಕಾರ್ಖಾನೆಗಳಿಗಾಗಿ ರೂಪಿಸಿದ ‘ಈಮುವಾ 191’ ಮಾರ್ಗದರ್ಶಿಯ ಪ್ರಕಾರ, ಸಾಮಾನ್ಯ ಸ್ಥಿತಿಯಲ್ಲಿ ಒಬ್ಬ ಆಪರೇಟರ್‌ಗೆ ಸರಾಸರಿ 10 ನಿಮಿಷಕ್ಕೆ ಒಂದು ಅಲಾರಾಂ ಬಂದರೆ ನಿಭಾಯಿಸಬಹುದು. ಭದ್ರತಾ ಕೊಠಡಿಯಲ್ಲಿ ಕೂತವರಿಗೇನು ಬೇರೆ ಮಿದುಳು ಇದೆಯೇ?

‘ನಾಲ್ಕು ಅಲಾರಾಂ ಹೆಚ್ಚಾದರೂ ಚಿಂತೆಯಿಲ್ಲ, ಒಂದೂ ತಪ್ಪಬಾರದು’ ಎಂದು ಸಭೆಯಲ್ಲಿ ಒಬ್ಬರು ಗಂಭೀರವಾಗಿ ಹೇಳಿದರು. ಕೇಳಲು ಚೆನ್ನಾಗಿದೆ. 2013ರ ಕೊನೆಯಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳ ಕಂಪ್ಯೂಟರ್ ಜಾಲಕ್ಕೆ ಕಳ್ಳರು ನುಗ್ಗಿದಾಗ ಅಲಾರಾಂ ತಪ್ಪಿರಲಿಲ್ಲ. ಬೆಂಗಳೂರಿನಲ್ಲಿದ್ದ ಕಂಪನಿಯ ತಂಡ ಅದನ್ನು ಗಮನಿಸಿ ಮಿನಿಯಾಪೊಲಿಸ್‌ನ ಮುಖ್ಯ ಕಚೇರಿಗೆ ತಿಳಿಸಿತ್ತು ಎಂದು ಪತ್ರಿಕೆಗಳು ಬರೆದವು. ತಕ್ಷಣದ ಕ್ರಮ ಅಗತ್ಯವಿಲ್ಲವೆಂದು ತಮ್ಮ ತಂಡ ತೀರ್ಮಾನಿಸಿತ್ತು ಎಂದು ಕಂಪನಿಯೇ ಆಮೇಲೆ ಹೇಳಿತು. ಗ್ರಾಹಕರ ಸುಮಾರು 4 ಕೋಟಿ ಕ್ರೆಡಿಟ್, ಡೆಬಿಟ್ ಕಾರ್ಡ್‌ಗಳ ವಿವರ ಕಳುವಾಯಿತು. ಅಲಾರಾಂ ಬಂದರೆ ಸಾಲದು, ಅದರ ಹಿಂದೆ ಒಬ್ಬರು ಎದ್ದು ಹೋಗಬೇಕು. ಇದನ್ನು ಇನ್ನೆಷ್ಟು ಸಲ ಹೇಳಬೇಕೋ ತಿಳಿಯದು.

ನಾನು ಕೇಳುತ್ತಿರುವುದು ದುಬಾರಿ ಉಪಕರಣವನ್ನಲ್ಲ. ಪ್ರತಿ ಅಲಾರಾಂ ಎದುರು ಮೂರು ವಿಷಯ ಬರೆಯಿರಿ: ಯಾರು ಹೋಗಬೇಕು, ಎಷ್ಟು ನಿಮಿಷದೊಳಗೆ ಹೋಗಬೇಕು, ಅವರು ಸಿಗದಿದ್ದರೆ ಯಾರಿಗೆ ಕರೆ ಮಾಡಬೇಕು. ಬರೆಯಲು ಏನೂ ತೋಚದಿದ್ದರೆ ಅದು ಅಲಾರಾಂ ಅಲ್ಲ, ದಾಖಲೆಯ ಪಟ್ಟಿಗೆ ಕಳುಹಿಸಿ. ಎಲ್ಲವನ್ನೂ ಒಂದೇ ಸಲಕ್ಕೆ ಅಕ್ನಾಲೆಜ್ ಮಾಡುವ ಗುಂಡಿಯನ್ನು ಪರದೆಯಿಂದ ತೆಗೆಯಿರಿ. ಕೆಟ್ಟ ಸೆನ್ಸರನ್ನು ತಾತ್ಕಾಲಿಕವಾಗಿ ಸುಮ್ಮನಾಗಿಸಲೇಬೇಕಾದರೆ ಯಾರು, ಏಕೆ, ಎಷ್ಟು ಹೊತ್ತಿನವರೆಗೆ ಎಂಬುದು ದಾಖಲಾಗಲಿ. ಅವಧಿ ಮುಗಿದ ಕೂಡಲೇ ಅದು ತಾನಾಗಿ ಮತ್ತೆ ಕೂಗಲಿ. ಅಲ್ಲಿಯವರೆಗೆ ಆ ಬಾಗಿಲ ಬಳಿ ಒಬ್ಬ ಮನುಷ್ಯನನ್ನು ನಿಲ್ಲಿಸಿ, ಅವನ ಹೆಸರನ್ನು ಪಾಳಿ ಪುಸ್ತಕದಲ್ಲಿ ಬರೆಯಿರಿ.